ಉದ್ದಬಾಲದ ಮ್ಯಾನಕಿನ್: ಎರಡನೆಯ ಗಂಡು ಕುಣಿಯುವುದೇಕೆ?

ಪ್ರಶ್ನೆ:
ಕೋಸ್ಟರಿಕಾದ ಕಾಡಿನ ಉದ್ದಬಾಲದ ಮ್ಯಾನಕಿನ್ ಹಕ್ಕಿಯ ಕುಣಿತವನ್ನು ವಿಡಿಯೊದಲ್ಲಿ ನೋಡಿದೆ. ಕಪ್ಪು ಮೈ, ತಿಳಿನೀಲಿ ಬೆನ್ನು, ಕೆಂಪು ನೆತ್ತಿ, ಕಿತ್ತಳೆ ಬಣ್ಣದ ಕಾಲುಗಳುಳ್ಳ ಎರಡು ಗಂಡುಗಳು ಹಸಿರು ಹೆಣ್ಣೊಂದರ ಎದುರು ಒಟ್ಟಿಗೆ ಕುಣಿಯುತ್ತವೆ. ಆದರೆ ಹೆಣ್ಣನ್ನು ಕೂಡುವುದು ಒಂದು ಮಾತ್ರವಂತೆ. ಹಾಗಿದ್ದಲ್ಲಿ ಇನ್ನೊಂದಕ್ಕೆ ಈ ಶ್ರಮದಿಂದ ಏನು ಲಾಭ? ಅವು ಅಣ್ಣತಮ್ಮಂದಿರೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಅಣ್ಣತಮ್ಮಂದಿರಲ್ಲ. ಯಾರಿಗಾದರೂ ಮೊದಲು ಹೊಳೆಯುವ ಊಹೆ ಅದೇ. ಆದರೆ ಕೋಸ್ಟರಿಕಾದ ಮಾಂಟೆವರ್ಡೆಯಲ್ಲಿ ಈ ಹಕ್ಕಿಗಳನ್ನು ವರ್ಷಗಟ್ಟಲೆ ಗಮನಿಸಿದ ಡೇವಿಡ್ ಮೆಕ್‌ಡೊನಾಲ್ಡ್ ಅವರು ವೇಯ್ನ್ ಪಾಟ್ಸ್ ಅವರೊಡನೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೋಡಿಯಾಗಿ ಕುಣಿಯುವ ಗಂಡುಗಳ ನಡುವೆ ಹತ್ತಿರದ ರಕ್ತಸಂಬಂಧವಿಲ್ಲವೆಂದು ತೋರಿಸಿದರು. ಹೆಣ್ಣನ್ನು ಕೂಡುವುದು ಜೋಡಿಯ ಹಿರಿಯ ಗಂಡು; ಕಿರಿಯದು ಕಾಯುತ್ತಿರುವುದು ತನ್ನ ಸರದಿಗಾಗಿ. ಹಿರಿಯದು ಸತ್ತ ಮೇಲೆ ಕುಣಿತದ ತಾಣವೂ, ಆ ತಾಣಕ್ಕೆ ಬಂದು ರೂಢಿಯಾದ ಹೆಣ್ಣುಗಳೂ ಅದರ ಪಾಲಿಗೆ ಬರುವ ಸಂಭವ ಹೆಚ್ಚು.

ಕುಣಿತವನ್ನು ಮತ್ತೊಮ್ಮೆ ಗಮನವಿಟ್ಟು ನೋಡಿ. ಹೆಣ್ಣಿಗೆ ಹತ್ತಿರವಿರುವ ಗಂಡು ನೆಟ್ಟಗೆ ಮೇಲಕ್ಕೆ ಹಾರಿ ರೆಕ್ಕೆ ಬಡಿಯುತ್ತಾ ಹಿಂದಕ್ಕೆ ಇಳಿಯುವಷ್ಟರಲ್ಲಿ, ಹಿಂದಿದ್ದದ್ದು ಕೊಂಬೆಯ ಮೇಲೆ ಜಾರಿಕೊಂಡು ಅದರ ಜಾಗಕ್ಕೆ ಬಂದಿರುತ್ತದೆ. ಸುತ್ತು ಸುತ್ತಿಗೂ ವೇಗ ಏರುತ್ತದೆ. ಕೊನೆಗೆ ಹಿರಿಯದು ಒಂದು ಚುರುಕಾದ ಸದ್ದು ಹೊರಡಿಸಿದೊಡನೆ ಕಿರಿಯದು ತೆಪ್ಪಗೆ ಜಾಗ ಖಾಲಿ ಮಾಡುತ್ತದೆ! ಗಂಡಿಗೆ ಪೂರ್ಣ ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ಹೆಣ್ಣನ್ನು ಕರೆಯಲು ಇಬ್ಬರೂ ಒಟ್ಟಿಗೆ ಹಾಕುವ ‘ಟೊಲೆಡೊ’ ಎಂಬ ಕೂಗು ಒಂದೇ ಶ್ರುತಿಯಲ್ಲಿ ಸೇರುವುದಕ್ಕೂ ವರ್ಷಗಳ ಸಾಧನೆ ಬೇಕು. ಆದ್ದರಿಂದ ಒಂಟಿಯಾಗಿ ಹೊಸ ತಾಣ ಹೂಡುವುದಕ್ಕಿಂತ ಕಾಯುವುದೇ ಜಾಣತನ.

ಉತ್ತರ 2:
ಇಷ್ಟು ವರ್ಷ ಕುಣಿಯಲು ಪುರುಸೊತ್ತು ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ಮ್ಯಾನಕಿನ್‌ಗಳ ಮುಖ್ಯ ಆಹಾರ ಸಣ್ಣ ಹಣ್ಣುಗಳು. ಹಾರುತ್ತಲೇ ಹಣ್ಣನ್ನು ಕಿತ್ತು ಇಡಿಯಾಗಿ ನುಂಗುವ ಈ ಹಕ್ಕಿಗಳಿಗೆ, ಫಸಲಿನ ಕಾಲದಲ್ಲಿ ಹೊಟ್ಟೆ ತುಂಬಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹೀಗಾಗಿ ಗಂಡಿನ ನೆರವಿಲ್ಲದೆಯೂ ಮರಿ ಸಾಕಬಹುದು: ಗೂಡು ಕಟ್ಟಿ, ಸಾಮಾನ್ಯವಾಗಿ ಎರಡು ಮೊಟ್ಟೆಯಿಟ್ಟು, ಮರಿಗಳನ್ನು ಸಾಕುವ ಹೊಣೆಯೆಲ್ಲವೂ ಹೆಣ್ಣಿನದು. ಗಂಡು ಅತ್ತ ತಲೆಯನ್ನೂ ಹಾಕುವುದಿಲ್ಲ.

ಉತ್ತರ 3:
ಮೇಲಿನವರ ಮಾತು ಸರಿ, ಆದರೆ ಗಂಡು ಮರಿ ಸಾಕದಿರುವುದಕ್ಕೆ ಹಣ್ಣೊಂದೇ ಕಾರಣವೆನ್ನಲಾಗದು. ನಮ್ಮ ಮಲೆನಾಡಿನ ಕುಟ್ರು ಹಕ್ಕಿಯೂ ಬಹುಪಾಲು ಅತ್ತಿ, ಆಲದಂತಹ ಹಣ್ಣುಗಳನ್ನೇ ನೆಚ್ಚಿಕೊಂಡಿದೆ. ಆದರೂ ಗಂಡುಹೆಣ್ಣುಗಳೆರಡೂ ಸೇರಿ ಪೊಟರೆ ಕೊರೆದು ಮರಿಗಳಿಗೆ ಗುಟುಕು ಕೊಡುತ್ತವೆ. ಮರ ಕೊರೆಯುವುದು ದಿನಗಟ್ಟಲೆಯ ಕೆಲಸ, ಕೊರೆದ ಪೊಟರೆಯನ್ನು ಬೇರೆ ಹಕ್ಕಿಗಳು ಕಸಿದುಕೊಳ್ಳದಂತೆ ಕಾಯಲೂ ಬೇಕು. ಮ್ಯಾನಕಿನ್‌ನದು ಗಿಡದ ಕವಲಿನಲ್ಲಿ ತೂಗುವ ಪುಟ್ಟ ಬಟ್ಟಲಿನಂಥ ಗೂಡು. ಕೆಂಪು ನೆತ್ತಿಯ ಗಂಡು ಅಲ್ಲಿ ಸುಳಿದಾಡಿದರೆ ಹಾವಿನಂತಹ ಶತ್ರುಗಳ ಕಣ್ಣಿಗೆ ಬೀಳುವ ಅಪಾಯವೇ ಹೆಚ್ಚೆಂದು ನನ್ನ ಅನಿಸಿಕೆ.