ಯೀಸ್ಟ್ ಕೊಡುವುದೋ, ಯೀಸ್ಟ್ ಕೊಲ್ಲುವುದೋ?

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 4 ವರ್ಷ. ಕಿವಿ ಸೋಂಕಿಗೆ ಆಂಟಿಬಯಾಟಿಕ್ ಶುರು ಮಾಡಿ ಮೂರನೇ ದಿನಕ್ಕೆ ಭೇದಿ ಹಿಡಿಯಿತು. ದಿನಕ್ಕೆ ನಾಲ್ಕೈದು ಸಲ, ನೀರು ನೀರಾಗಿ. ನಮ್ಮ ವೈದ್ಯರು ಸ್ಯಾಕರೋಮೈಸಿಸ್ ಬೌಲಾರ್ಡಿ ಪುಡಿ ಬರೆದುಕೊಟ್ಟರು. ಪೊಟ್ಟಣದ ಮೇಲೆ ‘ಯೀಸ್ಟ್’ ಅಂತಿದೆ. ಈಗ ಮಲ ಪರೀಕ್ಷೆಯ ವರದಿಯಲ್ಲೂ ‘ಯೀಸ್ಟ್ ಕಣಗಳಿವೆ’ ಅಂತ ಬಂದಿದೆ. ನೆಂಟರೊಬ್ಬರು ಫಂಗಸ್ ಔಷಧ ಕೊಡಿಸು ಅಂತಾರೆ. ಒಂದು ಕೈಯಲ್ಲಿ ಹಾಕಿ ಇನ್ನೊಂದು ಕೈಯಲ್ಲಿ ಕೊಲ್ಲುವುದಾ? ತಲೆ ಕೆಟ್ಟುಹೋಗಿದೆ.

ಉತ್ತರ (ಮಕ್ಕಳ ವೈದ್ಯೆ): ಮೊದಲು ನೀರಿನ ಮಾತು. ಪ್ರತಿ ಸಲ ಭೇದಿಯಾದ ಮೇಲೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಂಕಾಗಿ ಮಲಗಿಬಿಟ್ಟರೆ, ಮಲದಲ್ಲಿ ರಕ್ತ ಕಂಡರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಆಂಟಿಬಯಾಟಿಕ್ಕನ್ನು ನೀವೇ ನಿಲ್ಲಿಸಲೂ ಬೇಡಿ, ಬರೆದವರನ್ನು ಕೇಳಿ.

ಇನ್ನು ಯೀಸ್ಟ್. ಅದೂ ಒಂದು ಬಗೆಯ ಫಂಗಸ್ಸೇ. ಬೌಲಾರ್ಡಿ ಎಂಬುದು ಬ್ರೆಡ್ ಉಬ್ಬಿಸುವ ಯೀಸ್ಟಿನ ದಾಯಾದಿ. 1920ರ ದಶಕದಲ್ಲಿ ಆನ್ರಿ ಬೌಲಾರ್ ಎಂಬ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿ ಲಿಚಿ, ಮ್ಯಾಂಗೋಸ್ಟೀನ್ ಹಣ್ಣುಗಳಿಂದ ಅದನ್ನು ಬೇರ್ಪಡಿಸಿದ. ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಆಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ನಿಮ್ಮ ವೈದ್ಯರು ಇದನ್ನೇ ಆರಿಸಿದ್ದಕ್ಕೆ ಅದೇ ಕಾರಣವಿರಬೇಕು. ಲ್ಯಾಕ್ಟೋಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾ ಆದರೆ ಎರಡು ಔಷಧಗಳ ನಡುವೆ ಒಂದೆರಡು ಗಂಟೆ ಅಂತರ ಬಿಡಬೇಕಾಗುತ್ತದೆ.

ನೆಂಟರು ಹೆದರಿರುವುದು ಕ್ಯಾಂಡಿಡಾ ಎಂಬ ಬೇರೆಯದೇ ಯೀಸ್ಟಿಗೆ. ಆದರೆ ಅದೂ ಎಷ್ಟೋ ಆರೋಗ್ಯವಂತರ ಕರುಳಲ್ಲಿ ಸುಮ್ಮನೆ ಇರುತ್ತದೆ. ನಾಲಿಗೆ, ಕೆನ್ನೆಯೊಳಗೆ ಒರೆಸಿದರೆ ಸುಲಭವಾಗಿ ಹೋಗದ ಬಿಳಿ ಪೊರೆ ಇದ್ದರೆ ನಿಸ್ಟಾಟಿನ್ ಎಂಬ ಫಂಗಸ್ ಔಷಧದ ಹನಿ ಕೊಡುತ್ತೇವೆ, ಅದು ಸರಿ. ವರದಿಯ ಒಂದು ಸಾಲು ನೋಡಿ ಫಂಗಸ್ ಔಷಧ ಕೊಡುವುದಿಲ್ಲ. ಕೊಟ್ಟರೆ ಬೌಲಾರ್ಡಿಯೂ ಸಾಯುತ್ತದೆ, ಪುಡಿಯ ದುಡ್ಡು ದಂಡ!

ಅಂದ ಹಾಗೆ, ಮಲದ ಸ್ಯಾಂಪಲ್ ಕೊಟ್ಟಿದ್ದು ಪುಡಿ ಶುರು ಮಾಡುವ ಮೊದಲೋ, ಆಮೇಲೋ?

ಇನ್ನೊಬ್ಬ ತಾಯಿ: ಹೊಟ್ಟೆಗೆ ಒಳ್ಳೆಯದೆಂದು ಕೊಡುವ ಇಂಥ ಜೀವಂತ ಸೂಕ್ಷ್ಮಜೀವಿಗಳಿಂದ, ಅಂದರೆ ಪ್ರೊಬಯಾಟಿಕ್‌ನಿಂದ ಏನೂ ಪ್ರಯೋಜನವಿಲ್ಲ ಅಂತ ಓದಿದೆ. ನಿಜವೇ?

ಉತ್ತರ: ಯಾವುದಕ್ಕೆ ಎಂಬುದರ ಮೇಲಿದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವಾಂತಿಭೇದಿಯಾದ 971 ಮಕ್ಕಳ ಮೇಲೆ ಎಲ್‌ಜಿಜಿ ಎಂಬ ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಪರೀಕ್ಷಿಸಿದರು. ಹುಸಿ ಔಷಧಕ್ಕಿಂತ ಹೆಚ್ಚಿನ ಫಲವೇನೂ ಕಾಣಲಿಲ್ಲ. ಆಂಟಿಬಯಾಟಿಕ್‌ನಿಂದಾಗುವ ಭೇದಿಯನ್ನು ತಡೆಯುವುದಕ್ಕೆ ಬೌಲಾರ್ಡಿಯ ಪುರಾವೆ ಅದಕ್ಕಿಂತ ಗಟ್ಟಿ. ಹಾಗಂತ ‘ಶಕ್ತಿ ಬರಲಿ’ ಅಂತ ವರ್ಷವಿಡೀ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅದು ಕರುಳಲ್ಲಿ ಮನೆ ಮಾಡುವುದಿಲ್ಲ, ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ.

ಒಬ್ಬ ತಂದೆ: ಮಗಳಿಗೆ ಕೀಮೋ ನಡೀತಿದೆ, ಎದೆಯಲ್ಲಿ ಲೈನ್ (ಔಷಧ ಹರಿಸುವ ನಳಿಕೆ) ಇದೆ. ಅವಳಿಗೂ ಕೊಡಬಹುದಾ?

ಉತ್ತರ: ಬೇಡವೇ ಬೇಡ. ಕೇಂದ್ರ ರಕ್ತನಾಳದಲ್ಲಿ ಲೈನ್ ಇರುವವರಲ್ಲಿ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಈ ಯೀಸ್ಟ್ ರಕ್ತಕ್ಕೇ ಸೇರಿದ ಪ್ರಕರಣಗಳಿವೆ. ಅವಳ ಹಾಸಿಗೆಯ ಹತ್ತಿರ ಬೇರೆಯವರ ಪೊಟ್ಟಣವನ್ನೂ ಒಡೆಯಬೇಡಿ. ಪುಡಿ ಗಾಳಿಯಲ್ಲಿ ಹಾರುತ್ತದೆ, ಕೈಗೂ ಅಂಟುತ್ತದೆ.

ಮೊದಲು ಕೇಳಿದವರು: ಡಾಕ್ಟ್ರೇ, ಸ್ಯಾಂಪಲ್ ಕೊಟ್ಟಿದ್ದು ಪುಡಿ ಶುರು ಮಾಡಿದ ಎರಡನೇ ದಿನ. ಬಿಸಿ ಹಾಲಲ್ಲಿ ಕಲಸಿ ಕೊಡ್ತಿದ್ದೀನಿ.

ಉತ್ತರ: ಹಾಗಾದರೆ ಲ್ಯಾಬಿನವರಿಗೆ ಕಂಡಿದ್ದು ನೀವೇ ಕುಡಿಸಿದ ಯೀಸ್ಟ್ ಇರಬಹುದು! ವರದಿ ತೋರಿಸುವಾಗ ವೈದ್ಯರಿಗೆ ಇದನ್ನು ಹೇಳಿ. ನಾಳೆಯಿಂದ ಹಾಲು ಆರಿದ ಮೇಲೆ ಕಲಸಿ, ಬಿಸಿಗೆ ಅದು ಸತ್ತೇ ಹೋಗುತ್ತದೆ.