ಟೆಲೊಮರೇಸ್ ತಡೆದರೆ ಕ್ಯಾನ್ಸರ್ ನಿಲ್ಲಬೇಕಲ್ವಾ?

ಕೋಶಕುತೂಹಲಿ: ಕ್ರೋಮೋಸೋಮಿನ ತುದಿಯ ಟೆಲೊಮಿಯರ್ ಪ್ರತಿ ವಿಭಜನೆಗೂ ಸ್ವಲ್ಪ ಮೊಟಕಾಗುತ್ತದೆ. ತೀರಾ ಮೊಟಕಾದರೆ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಆದರೆ ನೂರರಲ್ಲಿ 85-90 ಕ್ಯಾನ್ಸರ್‌ಗಳು ಟೆಲೊಮರೇಸ್ ಎಂಬ ಕಿಣ್ವ ಇಟ್ಟುಕೊಂಡು ಆ ತುದಿಯನ್ನು ಮತ್ತೆ ಬೆಳೆಸಿಕೊಳ್ಳುತ್ತವಂತೆ. ಹಾಗಾದರೆ ಆ ಒಂದು ಕಿಣ್ವ ತಡೆದರೆ ಮುಗೀತಲ್ವಾ? 2009ರಲ್ಲೇ ಈ ವಿಷಯಕ್ಕೆ ನೊಬೆಲ್ ಬಂದಿದೆ. ಔಷಧಿ ಎಲ್ಲಿ?

ಹಳೇಪಿಪೆಟ್: ತಡೆಯಬಹುದು, ಆದರೆ ತಡೆದ ತಕ್ಷಣ ಕೋಶ ಸಾಯುವುದಿಲ್ಲ. ತೊಡಕು ಇರುವುದೇ ಅಲ್ಲಿ. ಸುಮ್ನೆ ಲೆಕ್ಕ ಹಾಕಿ ನೋಡಿ: ತುದಿಯಲ್ಲಿ ಇನ್ನೂ 3,000 ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲು ಅನ್ನಿ) ಉಳಿದಿದೆ, ಪ್ರತಿ ವಿಭಜನೆಗೆ 100 ಹೋಗುತ್ತದೆ ಅಂದುಕೊಂಡರೆ ಅದು ಸವೆಯಲು 30 ಸುತ್ತು ಬೇಕು, ಅಷ್ಟರಲ್ಲಿ ಯಾವ ಕೋಶವೂ ಸಾಯದಿದ್ದರೆ ಒಂದೇ ಕೋಶ ನೂರು ಕೋಟಿ ದಾಟಿರುತ್ತದೆ. ರೋಗಿಗೆ ಅಷ್ಟು ಸಮಯ ಎಲ್ಲಿದೆ? ಇನ್ನೊಂದು, 10-15% ಕ್ಯಾನ್ಸರ್‌ಗಳು ಟೆಲೊಮರೇಸ್ ಗೊಡವೆಗೇ ಹೋಗುವುದಿಲ್ಲ. ಒಂದು ಟೆಲೊಮಿಯರ್ ನೋಡಿ ಇನ್ನೊಂದನ್ನು ನಕಲು ಮಾಡಿಕೊಳ್ಳುತ್ತವೆ. ಇದಕ್ಕೆ ಎಎಲ್‌ಟಿ ಅಂತಾರೆ, ಮೂಳೆಯ ಕೆಲವು ಕ್ಯಾನ್ಸರ್‌ಗಳಲ್ಲಿ ಜಾಸ್ತಿ.

ಮಜ್ಜೆಮಾತು: ಔಷಧಿ ಬಂದಿದೆ ಸರ್. ಇಮೆಟೆಲ್‌ಸ್ಟಾಟ್. ಟೆಲೊಮರೇಸ್‌ನ ಒಳಗಿರುವ ಆರ್‌ಎನ್‌ಎ ಅಚ್ಚಿಗೇ ಹೋಗಿ ಅಂಟಿಕೊಳ್ಳುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಆದರೆ ಶ್ವಾಸಕೋಶ, ಸ್ತನದ ಗಡ್ಡೆಗಳಿಗಲ್ಲ. ಎಂಡಿಎಸ್ ಎಂಬ, ರಕ್ತಕಣ ಸರಿಯಾಗಿ ಹುಟ್ಟದ ಅಸ್ಥಿಮಜ್ಜೆಯ ಕ್ಯಾನ್ಸರ್‌ನಲ್ಲಿ, ಅಪಾಯ ಕಡಿಮೆ ಇದ್ದರೂ ಪದೇಪದೇ ರಕ್ತ ಹಾಕಿಸಿಕೊಳ್ಳಬೇಕಾದವರಿಗೆ. ಪ್ರಯೋಗದಲ್ಲಿ ಸುಮಾರು 40% ಜನ ಕನಿಷ್ಠ 8 ವಾರ ರಕ್ತ ಹಾಕಿಸಿಕೊಳ್ಳದೆ ಇದ್ದರು, ಔಷಧಿ ಇಲ್ಲದ ಗುಂಪಿನಲ್ಲಿ 15%. ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎರಡೂ ಕುಸಿಯುತ್ತವೆ, ಅದಕ್ಕೇ ಪದೇಪದೇ ರಕ್ತ ಪರೀಕ್ಷೆ. ರಕ್ತಕಣ ಹುಟ್ಟಿಸುವ ಮಜ್ಜೆಯ ಕಾಂಡಕೋಶಗಳಿಗೂ ಟೆಲೊಮರೇಸ್ ಬೇಕು ಅನ್ನೋದು ಮರೀಬೇಡಿ.

ಕೋಶಕುತೂಹಲಿ: ಟೆಲೊಮರೇಸ್ ವಿರುದ್ಧ ಲಸಿಕೆ ಅಂತ ಏನೋ ಇತ್ತಲ್ಲ?

ಹಳೇಪಿಪೆಟ್: ಜಿವಿ1001. ಬ್ರಿಟನ್‌ನಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಕೀಮೋ ಜೊತೆ ಕೊಟ್ಟು ನೋಡಿದರು. ಆಯಸ್ಸು ಹೆಚ್ಚಲಿಲ್ಲ, 2014ರಲ್ಲಿ ಫಲಿತಾಂಶ ಬಂತು. ನನಗೆ ಆಸಕ್ತಿ ಇರುವುದು 6-ಥಯೋ-ಡಿಜಿ ಎಂಬ ಔಷಧಿಯ ದಾರಿಯಲ್ಲಿ. ಅದು ಕಿಣ್ವವನ್ನು ತಡೆಯುವುದೇ ಇಲ್ಲ. ಗಾರೆಯವನ ಕೈಗೆ ಹಾಳು ಇಟ್ಟಿಗೆ ಕೊಟ್ಟ ಹಾಗೆ: ಟೆಲೊಮರೇಸ್ ತಾನೇ ಅದನ್ನು ಟೆಲೊಮಿಯರ್‌ಗೆ ಸೇರಿಸುತ್ತದೆ, ಅಲ್ಲೇ ಡಿಎನ್‌ಎ ಕೆಡುತ್ತದೆ. 30 ಸುತ್ತು ಕಾಯುವ ಗೋಳಿಲ್ಲ. ಇನ್ನೂ ಪ್ರಯೋಗದ ಹಂತದಲ್ಲೇ ಇದೆ ಅನ್ನಿ.

ಸುಮ್ನೆಓದುಗ: ಹಾಗಾದರೆ ಟೆಲೊಮಿಯರ್ ಉದ್ದ ಮಾಡುತ್ತೇವೆ ಅಂತ ಮಾರುವ ಮಾತ್ರೆಗಳು?

ಮಜ್ಜೆಮಾತು: ಹುಟ್ಟಿನಿಂದಲೇ ಉದ್ದ ಟೆಲೊಮಿಯರ್ ಇರುವವರಿಗೆ ಮೆಲನೋಮದಂಥ ಕೆಲವು ಕ್ಯಾನ್ಸರ್‌ಗಳ ಅಪಾಯ ಜಾಸ್ತಿ. ದುಡ್ಡು ಕೊಟ್ಟು ಯಾಕೆ?