ಸಹಾಯ ಬೇಕು: ಹಳೇ ಕಿಡಕಿ ಬಣ್ಣ, ಮಗು, ಸೀಸದ ಟೆಸ್ಟ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಬ್ರಹ್ಮಪುರ ಕಡೆ ಹಳೇ ಬಾಡಿಗೆ ಮನೆಯಲ್ಲಿದ್ದೇವೆ. ಕಿಡಕಿಯ ಹಸಿರು ಆಯಿಲ್ ಪೇಂಟ್ ಹಪ್ಪಳದ ಹಾಗೆ ಎದ್ದು ಶಹಾಬಾದ್ ಕಲ್ಲಿನ ಮೇಲೆ ಉದುರುತ್ತದೆ. ಎರಡು ವರ್ಷದ ಮಗಳು ಅದನ್ನೇ ಆರಿಸಿ ಬಾಯಿಗೆ ಹಾಕುತ್ತಾಳೆ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಈ ಬಣ್ಣ ಅದಕ್ಕಿಂತ ಎಷ್ಟೋ ಹಳೇದು.

ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಒಂದು ಲ್ಯಾಬ್‌ನವರು "ಹಿಮೋಗ್ಲೋಬಿನ್ ಮಾಡ್ತೀವಿ, ಇದು ಇಲ್ಲ" ಅಂದರು. ಇನ್ನೊಬ್ಬರು ಟೆಸ್ಟಿನ ಹೆಸರೇ ಕೇಳಿರಲಿಲ್ಲ. ಸದ್ಯ ದಿನಾ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಕಿಡಕಿಗೆ ಟ್ರಂಕ್ ಅಡ್ಡ ಇಟ್ಟಿದ್ದೇವೆ. (ಅವಳು ಟ್ರಂಕ್ ಹತ್ತುತ್ತಾಳೆ, ಅದು ಬೇರೆ ಮಾತು.)

ಈಗ ಮನೆ ಮಾಲೀಕರು ಸ್ಯಾಂಡ್‌ಪೇಪರ್‌ನಿಂದ ಉಜ್ಜಿಸಿ ಹೊಸ ಬಣ್ಣ ಹೊಡೆಸ್ತೀನಿ ಅಂತಿದ್ದಾರೆ. ಒಳ್ಳೇ ಮನಸ್ಸಿನಿಂದಲೇ. ಆದರೆ ಒಣಗಿದ ಬಣ್ಣ ಉಜ್ಜಿದರೆ ಸೀಸದ ಧೂಳು ಮನೆ ತುಂಬಾ ಹರಡಿ ಇನ್ನೂ ಜಾಸ್ತಿ ತೊಂದರೆ ಅಲ್ವಾ? ಪೇಂಟರ್ ಕೇಳಿ ನಕ್ಕುಬಿಟ್ಟರು.

ಮಗುವಿನ ಈ ಟೆಸ್ಟ್‌ಗೆ ಕಲಬುರಗಿಯಲ್ಲೇ ರಕ್ತ ತೆಗೆದುಕೊಂಡು ಹೊರಗೆ ಕಳಿಸುವ ಲ್ಯಾಬ್ ಯಾವುದು? ಹಳೇ ಬಣ್ಣ ನೀರು ಹಚ್ಚಿ ಉಜ್ಜಬೇಕಾ, ಇಲ್ಲಾ ಕಿಡಕಿಯನ್ನೇ ಬಿಚ್ಚಿಸಬೇಕಾ? ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ.